ಹೈರಾಣ: ಒಂದು ಪದದ ಬೇರು ಹಿಡಿಯುವ ದಾರಿ

ಹೋದ ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಮನೆಗೆ ಬಂದೆ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪು ಬಿದ್ದಿತ್ತು. ಅದನ್ನು ಸರಿ ಮಾಡಿಸೋಕೆ ಒಂದು ಕಚೇರಿಗೆ ನಾಲ್ಕನೇ ಸಲ ಹೋಗಿ ಬಂದಿದ್ದೆ. ಈ ಕಿಟಕಿಗೆ ಹೋದರೆ ಆ ಕಿಟಕಿ ಅಂದರು, ಆ ಕಿಟಕಿಗೆ ಹೋದರೆ ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ ಅಂದರು. ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ವಾ, ನಲವತ್ತೆರಡು ಡಿಗ್ರಿ ದಾಟಿದರೂ ಯಾರೂ ಅದನ್ನು ಸುದ್ದಿ ಅಂತ ಹೇಳೋದಿಲ್ಲ. ಅವ್ವ ಬಾಗಿಲಲ್ಲಿ ಕೂತು ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಮೊರ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು.

“ಯಾಕಪಾ, ಮಾರಿ ಹಿಂಗ್ಯಾಕ ಆಗ್ಯಾದ? ಬಾಳ ಹೈರಾಣ ಆಗಿದಿ ನೋಡು.”

ನೀರು ಕುಡಿದು ಕೂತ ಮೇಲೆ ಆ ಪದ ತಲೆಯಲ್ಲೇ ಉಳಿಯಿತು. ಯಾಕೆಂದರೆ ಹಿಂದಿನ ವಾರ ಇದೇ ಅವ್ವ, ಇದೇ ಬಾಗಿಲಲ್ಲಿ, ಹೊಲದಿಂದ ಬಂದ ಅಣ್ಣನಿಗೆ ಬೇರೆ ಪದ ಬಳಸಿದ್ದಳು. “ದಣದೀದಿ, ಕೂಡು, ಮಜ್ಜಿಗಿ ತರ್ತೀನಿ” ಅಂದಿದ್ದಳು. ಅವನ ಮುಖವೂ ಬಾಡಿತ್ತು, ನನ್ನ ಮುಖವೂ ಬಾಡಿತ್ತು. ಆದರೆ ಅವನಿಗೆ ದಣಿವು, ನನಗೆ ಹೈರಾಣ. ಅವ್ವ ಶಾಲೆಗೆ ಹೋದವಳಲ್ಲ. ಆದರೂ ಎರಡು ಪದಗಳ ನಡುವಿನ ಗೆರೆ ಅವಳಿಗೆ ಕರಾರುವಾಕ್ಕಾಗಿ ಗೊತ್ತು.

ಆ ಗೆರೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಕೇಳಿದ ಯಾವ ಪದದ ಬೇರನ್ನಾದರೂ ಹೀಗೆ ಹುಡುಕಬಹುದು. ಭಾಷಾಶಾಸ್ತ್ರ ಓದಿರಬೇಕು ಅಂತೇನಿಲ್ಲ. ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ, ಅಕ್ಕಪಕ್ಕ ಬೇರೆ ಭಾಷೆ ಮಾತಾಡುವ ನಾಲ್ಕು ಜನ ಇದ್ದರೆ ಸಾಕು. ಈ ಕೊನೆಯದ್ದು ಕಲಬುರಗಿ, ಬೀದರ, ಯಾದಗಿರಿ ಕಡೆಯವರಿಗೆ ಹುಟ್ಟಿನಿಂದಲೇ ಸಿಕ್ಕಿರುವ ಆಸ್ತಿ. ಆಳಂದದ ಕಡೆ ಮರಾಠಿ, ಸೇಡಂ ಮತ್ತು ಗುರುಮಠಕಲ್ ಕಡೆ ತೆಲುಗು, ಊರೊಳಗೆ ದಖ್ಖನಿ ಉರ್ದು, ಮನೆಯಲ್ಲಿ ಕನ್ನಡ. ಬೇರೆ ಊರಿನವರು ಲೈಬ್ರರಿಗೆ ಹೋಗಿ ಹುಡುಕಬೇಕಾದ್ದನ್ನು ನಾವು ಚಹಾ ಅಂಗಡಿಯಲ್ಲಿ ಕೇಳಬಹುದು.

ಮೊದಲು ಕಿವಿ, ಆಮೇಲೆ ನಿಘಂಟು

ಎಲ್ಲರೂ ಮಾಡುವ ತಪ್ಪು ಇದೇ: ಪದ ತಲೆಗೆ ಹೊಕ್ಕ ತಕ್ಷಣ ನಿಘಂಟು ತೆಗೆಯುತ್ತಾರೆ. ಅಲ್ಲಿ ‘ದಣಿದ, ಬೇಸತ್ತ’ ಅಂತ ಇರುತ್ತದೆ, ಅಲ್ಲಿಗೆ ಹುಡುಕಾಟ ಮುಗಿದೇ ಹೋಗುತ್ತದೆ. ಹಾಗೆ ಮಾಡಬೇಡಿ. ಮೊದಲು ಎರಡು ವಾರ ಸುಮ್ನೆ ಕೇಳಿಸಿಕೊಳ್ಳಿ. ಆ ಪದ ಬಂದ ಪೂರ್ತಿ ವಾಕ್ಯ ಬರೆದುಕೊಳ್ಳಿ. ಯಾರು ಯಾರಿಗೆ ಅಂದರು, ಯಾವ ಹೊತ್ತಿನಲ್ಲಿ ಅಂದರು ಅನ್ನೋದನ್ನೂ ಬರೆಯಿರಿ. ಪದವನ್ನು ಮಾತ್ರ ಬರೆದುಕೊಂಡರೆ ಪ್ರಯೋಜನ ಇಲ್ಲ, ಅದರ ಅಕ್ಕಪಕ್ಕದ ಮಾತೇ ಮುಖ್ಯ.

ನನ್ನ ನೋಟ್‌ಬುಕ್ಕಿನಲ್ಲಿ ಬಿದ್ದ ಕೆಲವು ವಾಕ್ಯ ನೋಡಿ. “ಈ ಬಿಸಲಿಗಿ ಹೈರಾಣ ಆಗ್ಯಾದ ನೋಡ್ರಿ.” “ಹುಡುಗ್ರು ಮುಂಜಾನಿಂದ ಹೈರಾಣ ಮಾಡ್ಲತ್ತಾವ.” “ಬಸ್ಸಿಗಿ ಕಾದು ಕಾದು ಹೈರಾಣಾದೆ.” “ಸಾಲಗಾರ್ರು ಮನಿಗಿ ಬಂದು ಬಂದು ಅವನಿಗಿ ಹೈರಾಣ ಮಾಡಿಟ್ಟಾರ.” ಪತ್ರಿಕೆಯಲ್ಲೂ ‘ಬಿಸಿಲಿಗೆ ಜನ ಹೈರಾಣು’ ಅನ್ನುವಂಥ ತಲೆಬರಹ ಬರುತ್ತಲೇ ಇರುತ್ತದೆ.

ವಾಕ್ಯಗಳನ್ನು ಒಂದರ ಕೆಳಗೆ ಒಂದು ಇಟ್ಟು ಓದಿ. ಒಂದು ವಿಷಯ ತಾನಾಗಿಯೇ ಕಾಣುತ್ತದೆ. ಹೈರಾಣ ಆಗೋಕೆ ಯಾವಾಗಲೂ ಹೊರಗಿನಿಂದ ಒಂದು ಕಾರಣ ಬೇಕು. ಬಿಸಿಲು, ಮಕ್ಕಳು, ಬಾರದ ಬಸ್ಸು, ಸಾಲ. ಯಾರೋ ಅಥವಾ ಏನೋ ನಿಮ್ಮನ್ನು ಹೈರಾಣ ಮಾಡುತ್ತದೆ. ‘ಹೈರಾಣ ಮಾಡು’ ಅನ್ನೋದು ಎಷ್ಟು ಸಹಜವೋ, ‘ದಣಿವು ಮಾಡು’ ಅನ್ನೋದು ಅಷ್ಟೇ ವಿಚಿತ್ರವಾಗಿ ಕೇಳುತ್ತದೆ ಅಲ್ವಾ? ಇಂಥ ಸಣ್ಣ ವ್ಯತ್ಯಾಸದಲ್ಲೇ ಪದದ ಇತಿಹಾಸ ಅಡಗಿರುತ್ತದೆ.

ಇನ್ನೊಂದು ಕೆಲಸ ಇಲ್ಲೇ ಮಾಡಿ. ಅದೇ ವಾಕ್ಯಗಳಲ್ಲಿ ಆ ಪದ ತೆಗೆದು ಅದರ ಅಕ್ಕತಂಗಿಯರನ್ನು ಇಟ್ಟು ನೋಡಿ. ದಣಿವು, ಸುಸ್ತು, ಬಳಲಿಕೆ, ಸೊರಗು, ಬಾಡು. “ಬಸ್ಸಿಗೆ ಕಾದು ಕಾದು ಸೊರಗಿದೆ” ಅಂದರೆ ಸರಿ ಕೂಡೋದಿಲ್ಲ. ಸೊರಗೋಕೆ ದಿನಗಟ್ಟಲೆ ಬೇಕು, ಜ್ವರ ಬಿದ್ದವರು ಸೊರಗುತ್ತಾರೆ, ನೀರಿಲ್ಲದ ಗಿಡ ಸೊರಗುತ್ತದೆ. ಬಾಡೋದು ಒಂದು ಮಧ್ಯಾಹ್ನದಲ್ಲಿ ಆಗಿಬಿಡುತ್ತದೆ, ಅದಕ್ಕೇ ಮುಖಕ್ಕೆ ಆ ಪದ. ಇನ್ನು ದಣಿವಿನ ಒಳಗೆ ಒಂದು ತೃಪ್ತಿಯೂ ಇದೆ. ‘ಮನದಣಿಯೆ ಹಾಡಿದರು’ ಅಂದರೆ ಮನಸ್ಸು ತುಂಬುವಷ್ಟು ಹಾಡಿದರು ಅಂತ. ಸಾಕಾಗುವಷ್ಟು ಮಾಡಿ ಮುಗಿಸಿದ ಭಾವ ಅದರಲ್ಲಿದೆ. ಹೊಲದಿಂದ ಬಂದ ಅಣ್ಣನಿಗೆ ಅವ್ವ ಆ ಪದ ಯಾಕೆ ಬಳಸಿದಳು ಅಂತ ನನಗೆ ಅರ್ಥವಾದದ್ದು ಆಗಲೇ. ಅವನು ಕೆಲಸ ಮುಗಿಸಿ ಬಂದಿದ್ದ. ನಾನು ಏನೂ ಮುಗಿಸದೆ ಬಂದಿದ್ದೆ.

ಮನೆಯ ಪದವೋ, ಬಂದ ಪದವೋ

ಈಗ ಪದದ ಸದ್ದು ಪರೀಕ್ಷೆ ಮಾಡಬೇಕು. ಇದು ಕನ್ನಡದ್ದೇ ಬೇರಿನಿಂದ ಹುಟ್ಟಿದ್ದೋ, ಬೇರೆ ಕಡೆಯಿಂದ ಬಂದದ್ದೋ ಅಂತ ತಿಳಿಯೋಕೆ ಕೆಲವು ಸುಲಭದ ಗುರುತುಗಳಿವೆ.

ಮೊದಲಿಗೆ ‘ಬಾಡು’ ತೆಗೆದುಕೊಳ್ಳಿ. ತಮಿಳಿನಲ್ಲಿ ಇದು ‘ವಾಡು’, ತೆಲುಗಿನಲ್ಲೂ ‘ವಾಡು’. ಅಲ್ಲಿ ವ ಇರುವ ಕಡೆ ಕನ್ನಡದಲ್ಲಿ ಬ ಬರೋದು ಒಂದು ಹಳೆಯ ನಿಯಮ. ತಮಿಳಿನ ‘ವಾ’ ನಮಗೆ ‘ಬಾ’, ‘ವಿಲ್’ ನಮಗೆ ‘ಬಿಲ್ಲು’, ‘ವೇರ್’ ನಮಗೆ ‘ಬೇರು’. ಹೀಗೆ ಅಕ್ಕಪಕ್ಕದ ದ್ರಾವಿಡ ಭಾಷೆಗಳಲ್ಲಿ ನಿಯಮಕ್ಕೆ ಸರಿಯಾಗಿ ಜೋಡಿ ಸಿಕ್ಕರೆ ಪದ ಮನೆಯದ್ದೇ ಅಂತ ಧೈರ್ಯವಾಗಿ ಹೇಳಬಹುದು.

‘ಬಳಲು’ ಕೂಡ ಹೀಗೇ. ತೆಲುಗಿನಲ್ಲಿ ದಣಿವಿಗೆ ‘ಬಡಲಿಕ’ ಅನ್ನುತ್ತಾರೆ. ಸೇಡಂ ಸಂತೆಯಲ್ಲಿ ನಿಂತರೆ ಎರಡೂ ಕಿವಿಗೆ ಬೀಳುತ್ತವೆ. ಹಳಗನ್ನಡದಲ್ಲಿ ಇದು ‘ಬೞಲ್’, ಆ ಹಳೆಯ ೞ ನಮ್ಮಲ್ಲಿ ಳ ಆಯಿತು, ತೆಲುಗಿನಲ್ಲಿ ಡ ಆಯಿತು. ಏಳು ಅನ್ನೋದು ಅಲ್ಲಿ ‘ಏಡು’ ಆದ ಹಾಗೆ. ಹಳಗನ್ನಡದಲ್ಲಿ ಬೞಲ್ ಅಂದರೆ ಸಡಿಲವಾಗು, ಜೋತುಬೀಳು ಅಂತಲೂ ಅರ್ಥ ಇತ್ತು. ಬಿಚ್ಚಿ ಜಾರಿದ ತುರುಬನ್ನು ‘ಬೞಲ್ಮುಡಿ’ ಅಂದರು. ಬಳಲಿದವರ ಹೆಗಲು, ಕತ್ತು ನೋಡಿ, ಆ ತುರುಬಿನ ಹಾಗೆಯೇ ಜಾರಿರುತ್ತದೆ. ಈ ಪದದ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ, ಆದ್ದರಿಂದ ಎರಡು ಮಾತು ಜಾಸ್ತಿ ಹೇಳಿದೆ.

ಈಗ ಹೈರಾಣ. ಹ ಅಕ್ಷರದಿಂದ ಶುರುವಾಗುವ ಅಚ್ಚಗನ್ನಡ ಪದಗಳಿಗೆ ಒಂದು ಒಳ್ಳೆ ಪರೀಕ್ಷೆ ಇದೆ. ಅವುಗಳಲ್ಲಿ ಬಹುತೇಕ ಹಿಂದೆ ಪ ಇದ್ದವು. ಹಾಲು ‘ಪಾಲ್’ ಆಗಿತ್ತು, ಹುಲಿ ‘ಪುಲಿ’, ಹಳ್ಳಿ ‘ಪಳ್ಳಿ’, ಹೂವು ‘ಪೂ’. ತಮಿಳಿನಲ್ಲಿ ಇಂದಿಗೂ ಪ ಉಳಿದಿದೆ. ಹಾಗಾದರೆ ಹೈರಾಣದ ಹ ತೆಗೆದು ಪ ಇಡಿ: ‘ಪೈರಾಣ’. ಅಂಥ ಪದ ಹಳಗನ್ನಡದಲ್ಲೂ ಇಲ್ಲ, ತಮಿಳು ತೆಲುಗಿನಲ್ಲೂ ಇಲ್ಲ. ಅಂದರೆ ಈ ಹ ಹುಟ್ಟಿನಿಂದಲೇ ಹ. ಪದ ಹೊರಗಿನಿಂದ ಬಂದಿರಬೇಕು ಅನ್ನುವ ಮೊದಲ ಸುಳಿವು ಇದು.

ಎರಡನೇ ಸುಳಿವು ಪದದ ಬಾಲದಲ್ಲಿದೆ. ಕೆಲವರು ಹೈರಾಣ ಅನ್ನುತ್ತಾರೆ, ಕೆಲವರು ಹೈರಾಣು. ವ್ಯಂಜನದಲ್ಲಿ ನಿಲ್ಲುವ ಪದ ಹೊರಗಿನಿಂದ ಬಂದಾಗ ಕನ್ನಡ ಅದಕ್ಕೊಂದು ಉ ಹಚ್ಚುತ್ತದೆ. ‘ಸುಸ್ತ್’ ಬಂದು ಸುಸ್ತು ಆಯಿತು, ‘ಖರ್ಚ್’ ಖರ್ಚು ಆಯಿತು, ‘ಜೋರ್’ ಜೋರು ಆಯಿತು. ಹೈರಾಣುವಿನ ಉ ಕೂಡ ಹೀಗೆ ಇಲ್ಲಿ ಹಚ್ಚಿದ್ದು.

ಈ ಗುರುತುಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಇವು ಸುಳಿವು ಮಾತ್ರ. ಎರಡು ಮೂರು ಸುಳಿವು ಒಂದೇ ಕಡೆ ಬೆರಳು ತೋರಿಸಿದಾಗ ಮುಂದಿನ ಹೆಜ್ಜೆ ಇಡಿ.

ನೆರೆಯವರನ್ನು ಕೇಳುವುದು ಹೇಗೆ

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಇದೇ. ನೆರೆ ಭಾಷೆಯವರ ಹತ್ತಿರ ಹೋಗಿ “ಈ ಪದದ ಅರ್ಥ ಏನು?” ಅಂತ ಕೇಳಬೇಡಿ. ಅರ್ಥ ಕೇಳಿದರೆ ಜನ ಯೋಚಿಸಿ, ನಿಮಗೆ ಬೇಕಾದ ಉತ್ತರ ಕೊಡುತ್ತಾರೆ. “ನೀವು ಈ ಪದ ಯಾವಾಗ ಬಳಸ್ತೀರಿ, ಒಂದು ಮಾತು ಹೇಳಿ” ಅಂತ ಕೇಳಿ. ಇನ್ನೂ ಒಳ್ಳೆಯದು ಅಂದರೆ ಕೇಳದೆಯೇ ಕಾಯೋದು.

ನನಗೆ ಹಾಗೇ ಸಿಕ್ಕಿತು. ನಮ್ಮ ಗಲ್ಲಿಯ ಟೇಲರ್ ಚಾಚಾ ಹತ್ತಿರ ಅಣ್ಣನ ಮಗಳ ಶಾಲೆಯ ಅಂಗಿ ಹೊಲಿಸೋಕೆ ಹೋಗಿದ್ದೆವು. ಎರಡು ವರ್ಷದ ಹಿಂದೆ ಅಳತೆ ಕೊಟ್ಟಿದ್ದ ಹುಡುಗಿ ಈಗ ಅವರ ಹೆಗಲಿಗೆ ಬಂದಿದ್ದಳು. ಚಾಚಾ ಟೇಪು ಬಿಚ್ಚಿದವರು ಹಾಗೇ ಕೈ ಮೇಲೆತ್ತಿಕೊಂಡು ನಿಂತರು. ಟೇಪು ಗಾಳಿಯಲ್ಲಿ ತೂಗುತ್ತಿತ್ತು. “ಇತ್ತಿ ಬಡಿ ಹೋಗಯಿ! ಮೈ ತೋ ಹೈರಾನ್ ಹೋಗಯಾ!” ಅಂದರು. ಇಷ್ಟು ದೊಡ್ಡವಳಾದಳಾ, ನಾನಂತೂ ಹೈರಾನ್ ಆದೆ ಅಂತ.

ಆ ಮುಖದಲ್ಲಿ ದಣಿವು ಎಲ್ಲಿಯೂ ಇರಲಿಲ್ಲ. ಕಣ್ಣು ಅರಳಿತ್ತು, ಬಾಯಿ ತೆರೆದಿತ್ತು. ಅವರ ಹೈರಾನ್ ಅಂದರೆ ಬೆರಗು. ನಮ್ಮ ಹೈರಾಣ ಅಂದರೆ ಬಳಲಿಕೆ. ಒಂದೇ ಗಲ್ಲಿಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ಒಂದೇ ಪದ ಎರಡು ಬೇರೆ ಮುಖ ಹೊತ್ತು ಕೂತಿತ್ತು.

ಅಂಗಿಯ ಮಾತು ಮುಗಿದ ಮೇಲೆ ಚಾಚಾನನ್ನೇ ಕೇಳಿದೆ. ಸುಸ್ತಾದರೆ ಏನಂತೀರಿ? “ಥಕ್ ಗಯಾ” ಅಂದರು. ಸುಸ್ತು ಅಂದರೆ ಅವರಿಗೆ ಸೋಮಾರಿ, ನಿಧಾನದವನು. ನಮ್ಮಲ್ಲಿ ಸುಸ್ತಾದವರನ್ನು ಕೂರಿಸಿ ಪಾನಕ ಕೊಡುತ್ತಾರೆ, ಅವರಲ್ಲಿ ‘ಸುಸ್ತ್’ ಹುಡುಗನಿಗೆ ಬೈಗುಳ ಬೀಳುತ್ತದೆ. ಫಾರಸಿಯಲ್ಲಿ ‘ಸುಸ್ತ್’ ಅಂದರೆ ಸಡಿಲ, ಬಿಗಿ ಇಲ್ಲದ್ದು. ಬೞಲ್ಮುಡಿಯ ಸಡಿಲ ನೆನಪಾಯಿತೇ? ಎಲ್ಲಿಯದೋ ಎರಡು ಭಾಷೆ, ಒಂದಕ್ಕೊಂದು ಸಂಬಂಧವೇ ಇಲ್ಲ, ಆದರೂ ದಣಿವನ್ನು ಎರಡೂ ಸಡಿಲ ಅಂತಲೇ ಕಂಡಿವೆ.

ಚಾಚಾ ಇನ್ನೊಂದು ಮಾತು ಸೇರಿಸಿದರು. ಬೆರಗಿಗೆ ಮಾತ್ರ ಅಲ್ಲ, ತೊಂದರೆಯಲ್ಲಿ ಸಿಕ್ಕಾಗಲೂ ‘ಹೈರಾನ್ ಪರೇಶಾನ್’ ಅಂತ ಜೋಡಿಯಾಗಿ ಅನ್ನುತ್ತಾರಂತೆ. ಈ ಜೋಡಿಯನ್ನು ಗುರುತು ಹಾಕಿಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಬೆರಗಿನಿಂದ ಬಳಲಿಕೆಗೆ ಹೋಗುವ ಸೇತುವೆ ಇಲ್ಲಿದೆ.

ಆಮೇಲೆ ಮರಾಠಿ. ನಮ್ಮ ವೈನಿ, ಅಂದರೆ ಅತ್ತಿಗೆ, ಅಕ್ಕಲಕೋಟೆಯವರು. ಅವರನ್ನು ಒಂದು ವಾಕ್ಯ ಕೇಳಿದೆ. ಯೋಚಿಸಲೇ ಇಲ್ಲ, “ಮುಲಾಂನೀ ಹೈರಾಣ ಕೇಲಂ” ಅಂದರು. ಮಕ್ಕಳು ಹೈರಾಣ ಮಾಡಿದರು. ನನ್ನ ನೋಟ್‌ಬುಕ್ಕಿನ ಎರಡನೇ ವಾಕ್ಯವೇ ಅದು! ಅರ್ಥ ಅದೇ, ‘ಮಾಡು’ ಅನ್ನುವ ಜೋಡಣೆ ಅದೇ, ಕೊನೆಯ ಣ ಕೂಡ ಅದೇ.

ಆ ಣ ನೋಡಿ. ಉರ್ದುವಿನಲ್ಲಿ ನ, ಮರಾಠಿಯಲ್ಲಿ ಣ. ಹಿಂದಿ, ಉರ್ದುವಿನ ಪಾನಿ ಮರಾಠಿಯಲ್ಲಿ ಪಾಣಿ, ರಾನಿ ಅಲ್ಲಿ ರಾಣಿ, ಕೌನ್ ಅಲ್ಲಿ ಕೋಣ. ಮರಾಠಿ ನಾಲಿಗೆಗೆ ಣ ತುಂಬಾ ಸಲೀಸು. ಕನ್ನಡಕ್ಕೆ ಫಾರಸಿ, ಉರ್ದುವಿನಿಂದ ಬಂದ ಬೇರೆ ಪದಗಳನ್ನು ನೋಡಿ: ಮೈದಾನ, ದುಕಾನ, ಸಾಮಾನು. ಯಾವುದರಲ್ಲೂ ನ ಹೋಗಿ ಣ ಆಗಿಲ್ಲ. ಹೈರಾನ್ ನೇರವಾಗಿ ನಮಗೆ ಬಂದಿದ್ದರೆ ‘ಹೈರಾನ’ ಅಂತಲೇ ಉಳಿಯಬೇಕಿತ್ತು. ಣ ಹೊತ್ತುಕೊಂಡು ಬಂದಿದೆ, ಮರಾಠಿಯ ಅರ್ಥವನ್ನೂ ಹೊತ್ತುಕೊಂಡು ಬಂದಿದೆ. ಹಾಗಾಗಿ ಇದು ಮರಾಠಿಯ ಬಾಗಿಲಿಂದ ಒಳಗೆ ಬಂದ ಪದ ಅನ್ನೋದು ನನ್ನ ತೀರ್ಮಾನ.

ಆದರೆ ಎದುರು ಸಾಕ್ಷಿಯನ್ನೂ ಬರೆದಿಡಬೇಕು, ಇಲ್ಲದಿದ್ದರೆ ಕೆಲಸ ಪೂರ್ತಿ ಆಗೋದಿಲ್ಲ. ಮರಾಠಿಯಲ್ಲೂ ಮೈದಾನ, ದುಕಾನ ಹಾಗೇ ಉಳಿದಿವೆ, ಎಲ್ಲ ನವೂ ಣ ಆಗಿಲ್ಲ. ಗುಜರಾತಿಯಲ್ಲಿ ಪದ ‘ಹೇರಾನ್’, ಅಲ್ಲಿ ನ ಉಳಿದಿದೆ, ಆದರೆ ಅರ್ಥ ನಮ್ಮ ಹಾಗೆಯೇ ಕಾಟ, ತೊಂದರೆ. ಅಂದರೆ ಅರ್ಥ ಹೊರಳಿದ್ದು ಮರಾಠಿಯೊಬ್ಬರ ಕೆಲಸ ಅಲ್ಲ. ಅರ್ಥ ಒಂದನ್ನೇ ಹಿಡಿದುಕೊಂಡು ಹೋಗಿದ್ದರೆ ಮರಾಠಿ ಅಂತ ಹೇಳೋಕೆ ಆಗುತ್ತಿರಲಿಲ್ಲ. ಅರ್ಥ ಮತ್ತು ಣ ಎರಡೂ ಒಟ್ಟಿಗೆ ಸಿಕ್ಕಿದ್ದರಿಂದ ಹೇಳುತ್ತಿದ್ದೇನೆ.

ಈಗ ನಿಘಂಟು ತೆಗೆಯಿರಿ

ನೆರೆಯವರನ್ನು ಕೇಳಿದ ಮೇಲೆ ನಿಘಂಟು ಬೇರೆಯೇ ರೀತಿ ಮಾತಾಡುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇಂದಿಗೂ ಈ ಕೆಲಸಕ್ಕೆ ಬೇಕೇ ಬೇಕು. ಅದರಲ್ಲಿ ಪದದ ಜೊತೆ ಅದು ಹಿಂದುಸ್ತಾನಿಯೋ, ಮರಾಠಿಯೋ, ಸಂಸ್ಕೃತದ ತದ್ಭವವೋ ಅಂತ ಚಿಕ್ಕ ಗುರುತು ಹಾಕಿರುತ್ತಾರೆ. ಜನ ಅರ್ಥ ಓದಿ ಪುಟ ಮಗುಚುತ್ತಾರೆ, ನೀವು ಆ ಗುರುತನ್ನು ಮೊದಲು ಓದಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನಲ್ಲಿ ಶಾಸನ ಮತ್ತು ಹಳೆಯ ಕಾವ್ಯದ ಸಾಲುಗಳೂ ಇರುತ್ತವೆ, ಹಳಗನ್ನಡದ ಪದಕ್ಕೆ ಅದೇ ಗತಿ. ಮರಾಠಿಗೆ ಮೋಲ್ಸ್‌ವರ್ತ್ ನಿಘಂಟು, ಫಾರಸಿಗೆ ಸ್ಟೈನ್‌ಗಾಸ್. ಶಿಕಾಗೋ ವಿಶ್ವವಿದ್ಯಾಲಯದವರು ದಕ್ಷಿಣ ಏಷ್ಯಾದ ಹಳೆಯ ನಿಘಂಟುಗಳನ್ನು ಪುಕ್ಕಟೆಯಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಮೊಬೈಲಿನಲ್ಲೇ ಹುಡುಕಬಹುದು.

ಹುಡುಕುವಾಗ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಹೈರಾಣ, ಹೈರಾಣು, ಹೈರಾನ, ಹಯರಾಣ ಎಲ್ಲ ಹಾಕಿ ನೋಡಿ. ಉರ್ದು ಲಿಪಿಯಲ್ಲಿ ಹುಡುಕುವವರಿಗೆ ಒಂದು ಮುಖ್ಯ ಮಾತು: ಅಲ್ಲಿ ಎರಡು ಹ ಇವೆ. ಈ ಪದ ಬರೆಯೋದು ‘ಬಡೀ ಹೇ’ಯಿಂದ, ಚಿಕ್ಕದರಿಂದ ಅಲ್ಲ. ತಪ್ಪು ಹ ಹಾಕಿದರೆ ಏನೂ ಸಿಗೋದಿಲ್ಲ, ಪದ ಅಲ್ಲಿಲ್ಲ ಅಂತ ತಪ್ಪು ತಿಳಿಯುತ್ತೀರಿ. ಬರೆಯೋಕೆ ಬಾರದಿದ್ದರೆ ಉರ್ದು ಶಾಲೆಗೆ ಹೋಗುವ ಪಕ್ಕದ ಮನೆಯ ಮಗುವಿಗೆ ಹೇಳಿ, ಒಂದು ನಿಮಿಷದಲ್ಲಿ ಬರೆದು ಕೊಡುತ್ತದೆ.

ಆ ಬಡೀ ಹೇ ನಮ್ಮನ್ನು ಅರಬ್ಬಿಗೆ ಕರೆದುಕೊಂಡು ಹೋಗುತ್ತದೆ. ಅರಬ್ಬಿಯಲ್ಲಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನದ ಬೇರಿನಿಂದ ಹುಟ್ಟುತ್ತವೆ. ಇಲ್ಲಿ ಬೇರು ಹ, ಯ, ರ. ಅದರ ಅರ್ಥ ಗೊಂದಲಕ್ಕೆ ಬೀಳು, ಏನು ಮಾಡಬೇಕು ಅಂತ ತೋಚದಿರು. ಉರ್ದುವಿನಲ್ಲಿ ಬೆರಗಿಗೆ ಹೇಳುವ ‘ಹೈರತ್’ ಕೂಡ ಇದೇ ಬೇರಿನ ಮಗು. ಆ ಬೇರಿಗೆ ‘ಆನ್’ ಅಚ್ಚು ಸೇರಿ ಹೈರಾನ್ ಆಗಿದೆ. ಈ ಅಚ್ಚು ಅರಬ್ಬಿಯಲ್ಲಿ ಬಂದು ಹೋಗುವ ಸ್ಥಿತಿಗಳಿಗೆ ಬಳಸೋದು. ಬಾಯಾರಿದವನು ‘ಅತ್‌ಶಾನ್’, ಹಸಿದವನು ‘ಜೌಆನ್’. ಹಾಗೆಯೇ ದಾರಿ ತೋಚದೆ ನಿಂತವನು ಹೈರಾನ್.

ಅರಬ್ಬಿಯಿಂದ ಫಾರಸಿಗೆ ಹೋಯಿತು, ಅಲ್ಲಿ ಕಂಗೆಟ್ಟವನು, ಬೆಕ್ಕಸಬೆರಗಾದವನು. ತುರ್ಕಿಗೆ ಹೋದದ್ದು ಇನ್ನೂ ಚಂದ, ಅಲ್ಲಿ ‘ಹಯ್‌ರಾನ್’ ಅಂದರೆ ಅಭಿಮಾನಿ, ಬೆರಗಿನಿಂದ ಮೆಚ್ಚಿಕೊಂಡವನು. ಉರ್ದುವಿನಲ್ಲಿ ಬೆರಗು ಮತ್ತು ತೊಂದರೆ ಎರಡೂ ಉಳಿದವು, ಚಾಚಾ ಹೇಳಿದ ಜೋಡಿ ನೆನಪಿದೆಯಲ್ಲ. ಮರಾಠಿಗೆ ಬರುವ ಹೊತ್ತಿಗೆ ಬೆರಗು ಉದುರಿ ಕಾಟವೇ ಉಳಿಯಿತು. ನಮ್ಮಲ್ಲಿಗೆ ಬಂದು ಆ ಕಾಟ ಮುಖದ ಮೇಲೆ ಕಾಣುವ ಹಾಗಾಯಿತು.

ಗೊಂದಲ ಹೇಗೆ ಬಳಲಿಕೆ ಆಗುತ್ತದೆ ಅನ್ನೋದಕ್ಕೆ ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. ಈ ಕಿಟಕಿ, ಆ ಕಿಟಕಿ, ನಾಳೆ ಬನ್ನಿ. ಯಾವ ಕಡೆ ಹೋಗಬೇಕು ಅಂತ ತಿಳಿಯದೆ ಅಲೆದವನ ಮುಖ ಅದು. ಮೈ ದಣಿಯೋದಕ್ಕಿಂತ ಮೊದಲು ದಾರಿ ತಪ್ಪಿತ್ತು. ಅವ್ವ ದಣಿವು ಅನ್ನದೆ ಹೈರಾಣ ಅಂದದ್ದರಲ್ಲಿ ಅರಬ್ಬಿಯ ಹಳೆಯ ಅರ್ಥ ಇನ್ನೂ ಜೀವಂತ ಇತ್ತು. ಇದನ್ನು ಅವಳಿಗೆ ಹೇಳಿದಾಗ “ಮತ್ತ? ಹೊಲದಾಗ ದುಡದ್ರ ಯಾರು ಹೈರಾಣ ಆಗ್ತಾರ?” ಅಂತ ಕೇಳಿ ಮತ್ತೆ ಮೊರ ಎತ್ತಿಕೊಂಡಳು.

ಚರಿತ್ರೆ ಸೇರಿಸುವಾಗ ಎಚ್ಚರ

ನಮ್ಮ ಕಡೆ ಫಾರಸಿ, ಉರ್ದು ಪದ ಸಿಕ್ಕ ತಕ್ಷಣ “ನಿಜಾಮನ ಕಾಲದ್ದು” ಅಂತ ಹೇಳಿಬಿಡುವ ರೂಢಿ ಇದೆ. ಕೆಲವು ಪದಕ್ಕೆ ಅದು ನಿಜವೂ ಹೌದು. ಕಲಬುರಗಿ, ಬೀದರ, ರಾಯಚೂರು 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಕಚೇರಿಯ ಭಾಷೆ ಉರ್ದು. ಆದರೆ ಫಾರಸಿ ಇಲ್ಲಿಗೆ ನಿಜಾಮರಿಗಿಂತ ಮುನ್ನೂರು ವರ್ಷಕ್ಕೂ ಮೊದಲೇ ಬಂದಿತ್ತು. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಿತು, ಮುಂದಿನ ಶತಮಾನದಲ್ಲಿ ಬೀದರಕ್ಕೆ ಹೋಯಿತು. ದರಬಾರಿನ ಭಾಷೆ ಫಾರಸಿ. ಬೀದರದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ 1472ರದ್ದು, ಅದರ ನೀಲಿ ಹೆಂಚಿನ ಮಿನಾರು ಇಂದಿಗೂ ನಿಂತಿದೆ. ತಹಶೀಲ್ದಾರ, ವಕೀಲ, ಅರ್ಜಿ, ಜಮೀನು, ಹಾಜರಿ, ವಸೂಲಿ ಎಲ್ಲ ಇಂಥ ದಾರಿಯಲ್ಲಿ ಬಂದವು. ಪಹಣಿ ಸರಿ ಮಾಡಿಸೋಕೆ ಹೋದ ದಿನ ನಾನು ಆಡಿದ ಅರ್ಧ ಪದಗಳು ಅವೇ.

ಆದರೆ ಹೈರಾಣಕ್ಕೆ ಈ ಕಥೆಯೊಂದೇ ಸಾಲದು. ಪದ ಧಾರವಾಡ, ಬೆಳಗಾವಿ ಕಡೆಯೂ ಇದೆ, ಅವು ನಿಜಾಮರ ಕೆಳಗೆ ಇರಲಿಲ್ಲ. ಅಲ್ಲಿಗೂ ಇಲ್ಲಿಗೂ ಸಮಾನವಾಗಿ ಇದ್ದದ್ದು ಮರಾಠಿಯ ನೆರೆ. ನಮ್ಮ ಸಂಸ್ಥಾನದಲ್ಲೂ ಲಾತೂರು, ನಾಂದೇಡದ ಮರಾಠಿಯವರು 1956ರ ತನಕ ಒಂದೇ ಆಡಳಿತದಲ್ಲಿ ನಮ್ಮ ಜೊತೆಗಿದ್ದರು. ಪದ ಎಲ್ಲೆಲ್ಲಿ ಬಳಕೆಯಲ್ಲಿದೆ ಅಂತ ಒಂದು ನಕ್ಷೆ ಮನಸ್ಸಿನಲ್ಲಿ ಬರೆದುಕೊಂಡು, ಆಮೇಲೆ ಚರಿತ್ರೆಗೆ ಕೈ ಹಾಕಿ. ಚರಿತ್ರೆ ಮೊದಲು ಇಟ್ಟುಕೊಂಡರೆ ಪದವನ್ನು ಅದಕ್ಕೆ ಹೊಂದಿಸಿಬಿಡುತ್ತೇವೆ.

ಇನ್ನೊಂದು ಎಚ್ಚರ. ಕೇಳೋಕೆ ಚಂದ ಇರುವ ಕಥೆಗಳು. ಹೈರಾಣ ಅಂದರೆ ಹಯ ಮತ್ತು ರಣ ಸೇರಿದ್ದು, ಯುದ್ಧದಲ್ಲಿ ಓಡಿ ಸುಸ್ತಾದ ಕುದುರೆ ಅಂತ ಒಬ್ಬರು ನನಗೆ ಹೇಳಿದರು. ಕೇಳಿದ ತಕ್ಷಣ ಮನಸ್ಸಿಗೆ ಹಿಡಿಸುತ್ತದೆ, ಕುದುರೆ ಕಣ್ಣ ಮುಂದೆ ಬರುತ್ತದೆ. ಇಂಥ ಕಥೆ ಬಂದಾಗ ಮೂರು ಪ್ರಶ್ನೆ ಕೇಳಿ. ಸದ್ದು ಸರಿ ಹೊಂದುತ್ತದೆಯೇ? ರಣದ ರ ಹ್ರಸ್ವ, ಹೈರಾಣದಲ್ಲಿ ರಾ ದೀರ್ಘ, ಅದು ಯಾಕೆ ಎಳೆಯಿತು ಅನ್ನೋದಕ್ಕೆ ಉತ್ತರ ಇಲ್ಲ. ನೆರೆ ಭಾಷೆಗಳ ಪದಗಳನ್ನು ಅದು ವಿವರಿಸುತ್ತದೆಯೇ? ಉರ್ದು, ಫಾರಸಿ, ತುರ್ಕಿಯ ಹೈರಾನ್ ಅನ್ನು ಈ ಕುದುರೆ ಮುಟ್ಟೋದೇ ಇಲ್ಲ. ಅರ್ಥ ಒಂದೊಂದೇ ಹೆಜ್ಜೆ ಬದಲಾಗಿ ಬಂದದ್ದು ಕಾಣುತ್ತದೆಯೇ? ಗೊಂದಲ, ಬೆರಗು, ತೊಂದರೆ, ಬಳಲಿಕೆ ಅನ್ನುವ ಮೆಟ್ಟಿಲು ಅರಬ್ಬಿ ದಾರಿಯಲ್ಲಿ ಮಾತ್ರ ಇದೆ. ಮೂರರಲ್ಲಿ ಒಂದಕ್ಕೂ ಉತ್ತರ ಕೊಡದ ಕಥೆಯನ್ನು ಬಿಟ್ಟುಬಿಡಿ, ಎಷ್ಟೇ ಚಂದ ಇದ್ದರೂ.

ಅರ್ಥ ಹೀಗೆ ಹೊರಳೋದು ಸಾಧ್ಯವೇ ಅಂತ ಅನುಮಾನ ಬಂದರೆ ಮರಾಠಿಯಲ್ಲೂ ನಮ್ಮಲ್ಲೂ ಇರುವ ಇನ್ನೊಂದು ಪದ ನೋಡಿ. ನಮ್ಮ ಕಡೆ ದಿನಕ್ಕೆ ಹತ್ತು ಸಲ ‘ತ್ರಾಸ’ ಅನ್ನುತ್ತೇವೆ. “ಬಾಳ ತ್ರಾಸ ಆಗ್ಲತ್ಯಾದ.” ಸಂಸ್ಕೃತದಲ್ಲಿ ತ್ರಾಸ ಅಂದರೆ ಹೆದರಿಕೆ. ಮರಾಠಿಯಲ್ಲಿ ಅದು ತೊಂದರೆ ಆಯಿತು, ನಮ್ಮಲ್ಲೂ ತೊಂದರೆಯೇ. ಹೆದರಿಕೆ ಹೋಗಿ ತೊಂದರೆ, ಗೊಂದಲ ಹೋಗಿ ಬಳಲಿಕೆ. ಇಂಥ ಜೊತೆ ಸಿಕ್ಕರೆ ನಿಮ್ಮ ತೀರ್ಮಾನಕ್ಕೆ ಬಲ ಬರುತ್ತದೆ.

ಎಲ್ಲ ಆದ ಮೇಲೆ ಒಂದು ಚೀ‌ಟಿ ಬರೆಯಿರಿ. ಮೇಲೆ ಪದ, ಅದರ ಕೆಳಗೆ ನೀವು ಕಿವಿಯಾರೆ ಕೇಳಿದ ವಾಕ್ಯ ಆಡಿದ ಹಾಗೆಯೇ, ‘ಆಗ್ಯಾದ’ ಅಂದಿದ್ದರೆ ಆಗ್ಯಾದ ಅಂತಲೇ. ಅದನ್ನು ‘ಆಗಿದೆ’ ಅಂತ ತಿದ್ದಬೇಡಿ. ಊರಿನ ಹೆಸರು, ತಾರೀಖು, ಆಡಿದವರ ವಯಸ್ಸು ಅಂದಾಜಿಗೆ. ಆಮೇಲೆ ಬಂದ ದಾರಿ, ಪಕ್ಕದಲ್ಲೇ ಎದುರು ಸಾಕ್ಷಿ. ನನ್ನ ಹೈರಾಣದ ಚೀಟಿಯಲ್ಲಿ ಗುಜರಾತಿಯ ಹೇರಾನ್ ಕೆಂಪು ಶಾಯಿಯಲ್ಲಿದೆ.

ಈಗ ಎರಡನೇ ಚೀಟಿ ಶುರು ಮಾಡಿದ್ದೇನೆ, ಪರೇಶಾನ್. ಫಾರಸಿಯಲ್ಲಿ ಅದು ಚೆದುರಿದ್ದು, ಕೆದರಿದ್ದು, ಕೆದರಿದ ಕೂದಲಿಗೂ ಅದೇ ಪದ. ಔರಾದ, ಭಾಲ್ಕಿ ಕಡೆ ಅದನ್ನು ಕನ್ನಡದಲ್ಲಿ ಹೇಗೆ ಬಳಸುತ್ತಾರೆ ಅಂತ ಕೇಳಿಸಿಕೊಳ್ಳೋಕೆ ಮುಂದಿನ ವಾರ ಬೀದರಕ್ಕೆ ಹೋಗುವ ಬಸ್ಸಿನಲ್ಲಿ ನೋಟ್‌ಬುಕ್ ಜೊತೆಗಿರುತ್ತದೆ.